ಕಾಸ್ತೆಲ್‌ಬ್ರೂಮಾದ ಮನೆತನ

ಜೂನ್ 8, ಭಾನುವಾರ

ವಾಕಿಂಗ್ ಮುಗಿಸಿ ಬಂದೆ. ಕಸದ ಗುಡ್ಡದ ವಾಸನೆ ಇವತ್ತು ಜಾಸ್ತಿ. ಮಿಲ್ಪಿಟಾಸಿನಲ್ಲಿ ಮನೆ ತೆಗೆದುಕೊಳ್ಳುವಾಗ ಏಜೆಂಟು ಇದನ್ನು ಹೇಳಿರಲಿಲ್ಲ. ವಿಚಾರಿಸದೆ ತೆಗೆದುಕೊಂಡರೆ ಹೀಗೇ.

ಮಧ್ಯಾಹ್ನ ಮಗಳು ಗಾನವಿ ಬಂದಿದ್ದಳು. ಜೊತೆಗೆ ಅವಳು ಮೆಚ್ಚಿದ ಹುಡುಗ ಲೂಕಾ. ಮದುವೆ ಅಕ್ಟೋಬರಿನಲ್ಲಿ ಎಂದು ತಾವೇ ನಿಶ್ಚಯ ಮಾಡಿಕೊಂಡಿದ್ದಾರೆ. ನಮಗೆ ತಿಳಿಸಿದರು, ಅಷ್ಟೆ. ಹುಡುಗ ಒಳ್ಳೆಯವನ ಹಾಗೇ ಕಾಣುತ್ತಾನೆ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗಾನವಿ ಇರುವ ಲ್ಯಾಬಿನಲ್ಲೇ ಕೆಲಸ. ತಾಯಿ ತೀರಿಕೊಂಡ ಮೇಲೆ ಅಜ್ಜಿ ಸಾಕಿದ ಮಗು. ಮುದ್ದೆಯನ್ನು ಅಗಿಯದೆ ನುಂಗುವುದು ಕಲಿತಿದ್ದಾನೆ. ನನ್ನ ಹೆಂಡತಿ ಪ್ರೇಮಾ ಅಷ್ಟಕ್ಕೇ ಕರಗಿಹೋದಳು. ನಾನು ಇಪ್ಪತ್ತೆಂಟು ವರ್ಷ ಸರ್ಕ್ಯೂಟ್ ಬೋರ್ಡು ಟೆಸ್ಟ್ ಮಾಡಿದವನು. ಒಂದು ತುತ್ತಿಗೆ ಪಾಸ್ ಮಾಡುವುದಿಲ್ಲ.

ಅವರು ಹೋದ ಮೇಲೆ ಅವ್ವ ಶುರು ಮಾಡಿದಳು.

"ಮನೆತನ ವಿಚಾರ್ಸಿದ್ದೀಯೇನ್ಲಾ, ಜಯರಾಮ?"

"ಯಾರನ್ನ ವಿಚಾರ್ಸೋದವ್ವ? ಇದು ಅಮೆರಿಕಾ."

"ಅಮೇರಿಕ್ದೋರಿಗೆ ಊರಿಲ್ವಾ?"

ಅಪ್ಪನ ನೆನಪಾಯಿತು. ಅಕ್ಕನನ್ನು ಕೇಳಿ ಬಂದಾಗ ಅಪ್ಪ ಗಂಡಿನ ಊರಿಗೆ ಹೋಗಿದ್ದ, ಯಾರಿಗೂ ಹೇಳದೆ. ಎತ್ತು ಕೊಳ್ಳಲು ಬಂದವನ ಹಾಗೆ ಕಟಿಂಗ್ ಶಾಪಿನಲ್ಲಿ ಕೂತು, ಟೀ ಅಂಗಡಿಯಲ್ಲಿ ಕೂತು, ಕೊನೆಗೆ ಗಂಡಿನ ಎದುರು ಮನೆಯವರನ್ನು ಮಾತಿಗೆ ಎಳೆದಿದ್ದ. ಎದುರು ಮನೆಯವರಿಗೆ ಗೊತ್ತಿಲ್ಲದ್ದು ದೇವರಿಗೂ ಗೊತ್ತಿಲ್ಲ ಎನ್ನುತ್ತಿದ್ದ. ಅಕ್ಕ ಸುಖವಾಗಿದ್ದಾಳೆ.

ಜೂನ್ 14, ಶನಿವಾರ

ಗ್ರೋಸರಿಗೆಂದು ಫ್ರೀಮಾಂಟಿಗೆ ಹೋದಾಗ ಲೂಕಾ ಸಿಕ್ಕ. ಚಾ ಕುಡಿಸಿ ಬಾಯಿ ಬಿಡಿಸಿದೆ. ಊರ ಹೆಸರು ಕಾಸ್ತೆಲ್‌ಬ್ರೂಮಾ. ಇಟಲಿಯ ಬೆಟ್ಟದ ಮೇಲೆ, ಎಪ್ಪತ್ತು ಒಲೆಯ ಊರು. ಹೊಲ ಇಲ್ಲ, ಗದ್ದೆ ಇಲ್ಲ. ಚೆಸ್ಟ್‌ನಟ್ ಕಾಯಿ ಒಣಗಿಸಿ, ಗಿರಣಿಯಲ್ಲಿ ಹಿಟ್ಟು ಮಾಡಿಸಿ, ಅದನ್ನೇ ವರ್ಷವಿಡೀ ಉಣ್ಣುತ್ತಿದ್ದರಂತೆ. ನಮಗೆ ರಾಗಿ ಇದ್ದ ಹಾಗೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅರ್ಧ ಊರು ಎದ್ದು ಸೌತ್ ಸ್ಯಾನ್ ಫ್ರಾನ್ಸಿಸ್ಕೋಗೆ ಬಂತು. ಅಲ್ಲಿ ಅವರದೇ ಒಂದು ಹಾಲ್ ಇದೆ. ಅಜ್ಜಿಯ ಹೆಸರು ಅಸ್ಸುಂತಾ, ಗಿರಣಿಯವರ ಮಗಳು.

"ಊರಲ್ಲಿ ನಿಮ್ಮ ಮನೆಯವರ ಹೆಸರು ಹೇಗಿತ್ತು?" ಎಂದೆ.

ಹುಡುಗ ಹುಬ್ಬೇರಿಸಿದ. ಗೊತ್ತಿಲ್ಲ, ನೊನ್ನಾ ಯುದ್ಧದ ಮಾತು ಎತ್ತುವುದಿಲ್ಲ ಎಂದ. ನೊನ್ನಾ ಅಂದರೆ ಅಜ್ಜಿ.

ಎತ್ತುವುದಿಲ್ಲ... ಯಾಕೆ ಎತ್ತುವುದಿಲ್ಲ?

ಜೂನ್ 21, ಶನಿವಾರ

ಹಾಲ್ ನೋಡಿ ಬಂದೆ. ರಿಸೆಪ್ಷನ್‌ಗೆ ಬಾಡಿಗೆಗೆ ಬೇಕಿತ್ತು ಎಂದೆ. ಎತ್ತು ಕೊಳ್ಳುವ ನೆಪದ ಹಾಗೇ. 101 ಹೆದ್ದಾರಿಯಲ್ಲಿ ಟ್ರಾಫಿಕ್ಕು, ಅಲ್ಲಿ ಇಳಿದರೆ ಟೋಪಿ ಹಾರಿಸುವ ಗಾಳಿ. ಜೂನ್ ತಿಂಗಳಲ್ಲಿ ಸ್ವೆಟರು.

ಒಳಗೆ ಗೋಡೆಯ ಮೇಲೆ ಒಂದು ಕಲ್ಲಿನ ಫೋಟೋ, ಆಳೆತ್ತರದ್ದು. ಕಲ್ಲಿನ ಮೇಲೆ ಹನ್ನೊಂದು ಹೆಸರು, 1944 ಎಂದು ಇಸವಿ. ನಮ್ಮಲ್ಲಿ ವೀರಗಲ್ಲು ಇರುತ್ತದಲ್ಲ, ಆ ಜಾತಿಯದು. ಪಕ್ಕದ ಕಟಿಂಗ್ ಶಾಪಿನವನನ್ನೂ, ಹಿತ್ತಲಿನಲ್ಲಿ ಮರದ ಚೆಂಡು ಉರುಳಿಸುತ್ತ ಆಡುತ್ತಿದ್ದ ಮುದುಕರನ್ನೂ ಮಾತಿಗೆ ಎಳೆದೆ. ಬೆಂಚಿನ ಮೇಲೆ ಕೂತಿದ್ದವನ ಹೆಸರು ಜೀನೋ. ತೊಂಬತ್ತೊಂದು ವರ್ಷ. ಊರಲ್ಲಿ ನಿಮ್ಮ ಮನೆ ಎಲ್ಲಿತ್ತು ಎಂದು ಕೇಳಿದೆ.

"ಗಿರಣಿಯ ಎದುರಿಗೆ" ಎಂದ.

ಅಪ್ಪನ ಆಶೀರ್ವಾದ.

ಜೂನ್ 28, ಶನಿವಾರ

ಇದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯಬೇಕು.

ಜೀನೋಗೆ ಕಾಫಿ ತಗೊಂಡು ಹೋದೆ. ಊರಿನ ಕಥೆ ಹೇಳಿ ಎಂದೆ, ಅಷ್ಟೆ. ಅವನಿಗೆ ಕೇಳುವವರೇ ಇರಲಿಲ್ಲ ಎಂದು ಕಾಣುತ್ತದೆ. ಒಂದೇ ಉಸಿರಿಗೆ ಹೇಳಿದ.

1944ರ ಆಗಸ್ಟ್. ಜರ್ಮನ್ ಸೈನಿಕರು ಬೆಟ್ಟಗಳಲ್ಲಿ ತುಂಬಿದ್ದರು. ಸಿಕ್ಕ ಗಂಡಸರನ್ನು ಹಿಡಿದು ಕೂಲಿಗೆ ಒಯ್ಯುತ್ತಿದ್ದರು. ಊರ ಗಂಡಸರು ಮೇಲಿನ ಕಾಡಿನಲ್ಲಿ, ಚೆಸ್ಟ್‌ನಟ್ ಒಣಗಿಸುವ ಕಲ್ಲಿನ ಗುಡಿಸಲಿನಲ್ಲಿ ಅಡಗಿದ್ದರು. ಊರವರನ್ನು ಬಿಟ್ಟು ಬೇರೆ ಯಾರಿಗೂ ಆ ಜಾಗ ಗೊತ್ತಿರಲಿಲ್ಲ. ಒಂದು ಸಂಜೆ ಗಿರಣಿಯ ಯಜಮಾನ ಅರ್ಮಾಂದೊ ರಸ್ತೆಯಲ್ಲಿ ಸೈನಿಕರ ಜೊತೆ ಮಾತಾಡುತ್ತ ನಿಂತಿದ್ದ. ಊರೆಲ್ಲ ನೋಡಿತು. ಮಾರನೆಯ ಬೆಳಿಗ್ಗೆ ಸೈನಿಕರು ನೆಟ್ಟಗೆ ಆ ಗುಡಿಸಲಿಗೇ ಹೋದರು. ಒಳಗಿದ್ದವರನ್ನು ಹೊರಗೆ ಎಳೆದು ಗುಂಡು ಹೊಡೆದರು. ಸತ್ತವರಲ್ಲಿ ಒಬ್ಬ ಜೀನೋನ ಅಪ್ಪ.

ಅರ್ಮಾಂದೊ ಅಸ್ಸುಂತಾಳ ಅಪ್ಪ. ಲೂಕಾನ ಮುತ್ತಜ್ಜ.

"ಆಮೇಲೆ ಆ ಗಿರಣಿಯ ಹಿಟ್ಟನ್ನು ಯಾರೂ ಉಣ್ಣಲಿಲ್ಲ" ಎಂದ ಜೀನೋ. "ಕಾಯಿ ಹೊತ್ತುಕೊಂಡು ಪಕ್ಕದ ಬೆಟ್ಟಕ್ಕೆ ಹೋಗುತ್ತಿದ್ದೆವು. ನೀನು ಯಾಕೆ ಕೇಳುತ್ತೀಯ?"

ಬಾಯಿ ತಪ್ಪಿ ಹೇಳಿಬಿಟ್ಟೆ. ನನ್ನ ಮಗಳನ್ನು ಅಸ್ಸುಂತಾಳ ಮೊಮ್ಮಗನಿಗೆ ಕೊಡುತ್ತಿದ್ದೇನೆ, ಅದಕ್ಕೇ ವಿಚಾರಿಸುತ್ತಿದ್ದೇನೆ ಎಂದು. ಜೀನೋ ಕಾಫಿ ಲೋಟ ಕೆಳಗಿಟ್ಟ. "ವಿಚಾರಿಸುವುದು ಒಳ್ಳೆಯದು" ಎಂದ.

ಜೂನ್ 29, ಭಾನುವಾರ

ಅವ್ವನಿಗೂ ಪ್ರೇಮಾಗೂ ಹೇಳಿದೆ. ಅವ್ವ ಎದ್ದು ಹೋಗಿ ತಾಂಬೂಲ ಉಗಿದು ಬಂದಳು. "ಬೆಂಕಿ ಇಲ್ದೆ ಹೊಗೆ ಆಡಾಕಿಲ್ಲ ಕಣ್ಲಾ" ಎಂದಳು.

ಪ್ರೇಮಾ ಸೌಟನ್ನು ಸಿಂಕಿಗೆ ಎಸೆದಳು. "ನದಿ ಮೂಲ, ಋಷಿ ಮೂಲ ಹುಡುಕಬಾರ್ದು ಅಂತ ಹಿರೀಕರು ಸುಮ್ನೆ ಹೇಳಿದ್ರಾ? ಹುಡುಗನ ಮುತ್ತಜ್ಜ ಏನು ಮಾಡ್ದ ಅಂತ ನನ್ನ ಮಗಳು ಯಾಕ್ರೀ ಅನುಭವಿಸ್ಬೇಕು?"

"ರಕ್ತ ಅನ್ನೋದೊಂದು ಇರುತ್ತೆ."

"ಹಾಗಾದ್ರೆ ನಿಮ್ಮ ರಕ್ತ ಟೆಸ್ಟ್ ಮಾಡ್ಸೋಣ. ಸುಮ್ನೆ ಇರಕ್ಕಾಗದೇ ಇರೋ ಕಾಯಿಲೆ ಇದೆ ನಿಮಗೆ."

ನನಗೆ ಸಿಟ್ಟು ಬಂತು. ಆದರೆ ಹನ್ನೊಂದು ಜನ. ನೆರೆಹೊರೆಯವರನ್ನು ಹಿಡಿದುಕೊಟ್ಟ ಮನೆ. ಅಂಥ ಮನೆಗೆ ನನ್ನ ಮಗಳಾ?

ಜುಲೈ 4, ಶುಕ್ರವಾರ

ರಜಾ. ಗಾನವಿ ಒಬ್ಬಳೇ ಬಂದಳು. ಹೇಳಿಬಿಟ್ಟೆ. ಪೂರ್ತಿ ಕೇಳಿದಳು. ಕಣ್ಣು ಮಿಟುಕಿಸಲಿಲ್ಲ.

"You investigated them?"

"ವಿಚಾರಿಸ್ದೆ. ಎಲ್ಲ ತಂದೆಯರೂ ಮಾಡೋದೇ."

"ಅಪ್ಪಾ, ಅದು ಅವರ ಊರಿನ massacre. ನೀನು ಅದನ್ನ background check ಮಾಡ್ದೆಯಾ?"

"ಆ ಮನೆ ಬೇಡ ಕಣೇ" ಎಂದೆ. ಆಗ ಎದ್ದಳು. ಬಾಗಿಲಲ್ಲಿ ನಿಂತು, ನಾನು ಆ ಮನೆಗೇ ಹೋಗುವುದು, ನೀವು ಬಂದರೆ ಬನ್ನಿ ಎಂದಳು. ಕನ್ನಡದಲ್ಲೇ ಹೇಳಿದಳು. ಸಿಟ್ಟಿನಲ್ಲಿ ಮಾತ್ರ ಇವಳಿಗೆ ಕನ್ನಡ ಸಲೀಸು.

ಹೊರಗೆ ಪಟಾಕಿ. ನಾಯಿಗಳು ಬೊಗಳುತ್ತಿವೆ.

ಜುಲೈ 19, ಶನಿವಾರ

ಎರಡು ವಾರ ಬರೆಯಲಿಲ್ಲ. ಬರೆಯಲು ಏನಿತ್ತು? ಮಗಳು ಫೋನು ಎತ್ತುತ್ತಿಲ್ಲ.

ಇವತ್ತು ಲೂಕಾ ಫೋನ್ ಮಾಡಿದ. ನನ್ನನ್ನು ಅಂಕಲ್ ಎನ್ನುತ್ತಿದ್ದವನು ಮಿಸ್ಟರ್ ಎಂದ.

ಜೀನೋ ಹಾಲ್‌ನಲ್ಲಿ ಎಲ್ಲರ ಮುಂದೆ ಹೇಳಿದ್ದಾನೆ. ಇಂಡಿಯಾದವರೂ ಬಂದು ವಿಚಾರಿಸಿ ಹೋದರು, ಹೆಣ್ಣು ಕೊಡಲು ಹೆದರುತ್ತಿದ್ದಾರೆ ಎಂದು. ಹಳಬರು ಮರೆತಂತೆ ನಟಿಸುತ್ತಿದ್ದರು, ಕಿರಿಯರಿಗೆ ಗೊತ್ತೇ ಇರಲಿಲ್ಲ. ಈಗ ಎಲ್ಲರಿಗೂ ಗೊತ್ತು. ಅಸ್ಸುಂತಾ ಪ್ರತಿ ಗುರುವಾರ ಹಾಲ್‌ನಲ್ಲಿ ಹೆಂಗಸರ ಜೊತೆ ಇಸ್ಪೀಟು ಆಡುತ್ತಾರೆ. ಮೊನ್ನೆ ಅವರು ಕೂತಾಗ ಎಲೆ ಹಂಚುವವಳು ಅವರನ್ನು ಬಿಟ್ಟು ಹಂಚಿದಳಂತೆ. ಎರಡು ಸುತ್ತು. ಮೂರನೆಯದಕ್ಕೆ ಎದ್ದು ಮನೆಗೆ ಬಂದರಂತೆ, ನಡೆದುಕೊಂಡು. ಏರು ರಸ್ತೆ. ಎಂಬತ್ತೊಂಬತ್ತು ವರ್ಷ.

"ಮದುವೆಗೆ ಬರುವುದಿಲ್ಲ ಎಂದಿದ್ದಾರೆ" ಎಂದ ಲೂಕಾ. "ಹೆಣ್ಣಿನ ತಂದೆ ಹೇಸರಗತ್ತೆ ಕೊಳ್ಳುವ ಹಾಗೆ ನನ್ನ ಬಾಯಿ ಬಿಡಿಸಿ ಹಲ್ಲು ನೋಡಿದ ಎಂದರು. ನೊನ್ನಾ ಇಲ್ಲದೆ ನನಗೆ ಮದುವೆ ಇಲ್ಲ. ಗಾನವಿಗೂ ಹೇಳಿದ್ದೇನೆ."

ಇರಲಾರದೆ ಇರುವೆ ಬಿಟ್ಟುಕೊಂಡೆ. ಇರುವೆ ಕಚ್ಚಿದ್ದು ಮಾತ್ರ ನನ್ನ ಮಗಳನ್ನು.

ಜುಲೈ 20, ಭಾನುವಾರ

ಈ ಸಂಬಂಧ ಮುರಿಯಲಿ ಎಂದು ನಾನೇ ಬಯಸಿದ್ದೆ. ಈಗ ತಾನಾಗಿ ಮುರಿಯುತ್ತಿದೆ. ಸಂತೋಷ ಆಗಬೇಕಿತ್ತು.

ಆ ಮುದುಕಿಯನ್ನು ಬಿಟ್ಟು ಎಲೆ ಹಂಚಿದ್ದು ಕಣ್ಣಿಗೆ ಕಟ್ಟಿದೆ. ನಮ್ಮೂರಲ್ಲೂ ಪಂಕ್ತಿಯಲ್ಲಿ ಕೂತವರನ್ನು ಬಿಟ್ಟು ಬಡಿಸಿದ್ದನ್ನು ನೋಡಿದ್ದೇನೆ. ಹಾಗೆ ಬಿಟ್ಟ ಮನೆಯವರು ಕೊನೆಗೆ ಊರು ಬಿಟ್ಟರು. ಈ ಮುದುಕಿ ಇನ್ನೆಲ್ಲಿಗೆ ಹೋಗಬೇಕು?

ಆಗಸ್ಟ್ 3, ಭಾನುವಾರ

ಹೋಗಿ ಕೈ ಮುಗಿಯಿರಿ ಎಂದು ಪ್ರೇಮಾ ಹದಿನೈದು ದಿನದಿಂದ ಹೇಳುತ್ತಿದ್ದಳು. ಇವತ್ತು ಹೋದೆ. ಲೂಕಾ ಬಾಗಿಲು ತೆರೆದು, ಹಿತ್ತಲಿಗೆ ನಡೆದುಬಿಟ್ಟ.

ಅಸ್ಸುಂತಾ ಅಡಿಗೆಮನೆಯಲ್ಲಿ ಬೀನ್ಸ್ ಸುಲಿಯುತ್ತಿದ್ದರು. ಕೂರು ಎನ್ನಲಿಲ್ಲ. ನಿಂತೇ ಹೇಳಿದೆ. ತಪ್ಪಾಯಿತು, ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಮನೆತನ ವಿಚಾರಿಸುವ ಪದ್ಧತಿ ಇದೆ ಎಂದೆ.

"ನಮ್ಮಲ್ಲೂ ಇತ್ತು" ಎಂದರು. ತಲೆ ಎತ್ತಲಿಲ್ಲ. "ಯಾರನ್ನು ಕೇಳಿದೆ?"

"ಜೀನೋನನ್ನು."

"ಮತ್ತೆ?"

"ಜೊತೆಗೆ ಆಡುವವರನ್ನು... ಕಟಿಂಗ್ ಶಾಪಿನವನನ್ನು."

"ನನ್ನನ್ನು ಯಾಕೆ ಕೇಳಲಿಲ್ಲ?"

ಆ ಮನೆಯವರನ್ನೇ ಹೋಗಿ ಕೇಳುವುದು ನಮ್ಮ ಪದ್ಧತಿಯಲ್ಲಿ ಇಲ್ಲ. ಅಪ್ಪನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹೊಳೆಯಲೇ ಇಲ್ಲ.

"ಎಂಬತ್ತು ವರ್ಷ ಆಯಿತು" ಎಂದರು. "ಊರು ಕೇಳಲಿಲ್ಲ, ಪಾದ್ರಿ ಕೇಳಲಿಲ್ಲ. ಕಡಲು ದಾಟಿ ಬಂದರೆ ಇಲ್ಲಿಯವರೂ ಕೇಳಲಿಲ್ಲ. ನೀನು ಎರಡು ಸಲ ಹಾಲ್‌ಗೆ ಡ್ರೈವ್ ಮಾಡಿದೆ. ನನ್ನ ಮನೆ ಹಾಲ್‌ನಿಂದ ಎರಡು ರಸ್ತೆ ಆಚೆ."

ಆಗ ಕೇಳಿದೆ. ಕುರ್ಚಿಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು.

ಅವರ ಅಪ್ಪ ಸೈನಿಕರ ಹತ್ತಿರ ನಿಂತದ್ದು ನಿಜ. ಸೈನಿಕರು ಗಿರಣಿಯ ಹೇಸರಗತ್ತೆ ಹೊಡೆದುಕೊಂಡು ಹೋಗಿದ್ದರು. ಅದು ಇಲ್ಲದೆ ಹಿಟ್ಟು ಹೊರುವಂತಿರಲಿಲ್ಲ. ವಾಪಸ್ ಕೊಡಿ ಎಂದು ಕೈಕಾಲು ಹಿಡಿದದ್ದು. ಎಂಟು ವರ್ಷದ ಅಸ್ಸುಂತಾ ಪಕ್ಕದಲ್ಲೇ ಇದ್ದರು, ಅಪ್ಪನ ಅಂಗಿ ಹಿಡಿದುಕೊಂಡು. ಗುಡಿಸಲಿನ ಮಾತು ಬರಲೇ ಇಲ್ಲ.

"ಗುಡಿಸಲಿನಲ್ಲಿ ನನ್ನ ಅಣ್ಣನೂ ಇದ್ದ" ಎಂದರು. "ರೆಂಝೊ ತವೆಲ್ಲಿ. ಹದಿನೇಳು ವರ್ಷ."

ನಾನು ಬೆಪ್ಪಾಗಿ, ತಪ್ಪಿಸಿಕೊಂಡನಾ ಎಂದೆ.

"ಎಲ್ಲರ ಜೊತೆಗೇ ಸತ್ತ. ಎಲ್ಲರ ಜೊತೆಗೇ ಮಣ್ಣು ಮಾಡಿದರು. ಕಲ್ಲು ಕೆತ್ತುವಾಗ ಅವನನ್ನು ಬಿಟ್ಟರು."

ಮಗನನ್ನು ಉಳಿಸಿಕೊಳ್ಳಲು ಅರ್ಮಾಂದೊ ಬೇರೆಯವರನ್ನು ಮಾರಿದ, ಜರ್ಮನ್ನರು ಅವನಿಗೂ ಮೋಸ ಮಾಡಿದರು ಎಂದು ಊರು ತೀರ್ಮಾನಿಸಿತು. ದ್ರೋಹಿಯ ಮಗನ ಹೆಸರು ಕಲ್ಲಿನ ಮೇಲೆ ಬೇಡ ಎಂದಿತು. ಅರ್ಮಾಂದೊ ಅದೇ ಚಳಿಗಾಲ ಹಾಸಿಗೆ ಹಿಡಿದು ತೀರಿಕೊಂಡ. ಸೈನಿಕರಿಗೆ ದಾರಿ ತೋರಿಸಿದ್ದು ಯಾರು ಎಂದು ಇವರಿಗೂ ಗೊತ್ತಿಲ್ಲ. "ಹೊಗೆ ನೋಡಿ ಬಂದರೋ ಏನೋ. ನಂಬುವುದು ಬಿಡುವುದು ನಿನಗೆ ಬಿಟ್ಟದ್ದು."

ನಂಬಿದೆ. ಪುರಾವೆ ಇಲ್ಲ. ಟೆಸ್ಟ್ ರಿಪೋರ್ಟ್ ಇಲ್ಲ. ಆದರೂ ನಂಬಿದೆ. ಅವರ ಎದುರಿಗೇ ಕೂತು ನಾನೂ ಬೀನ್ಸ್ ಸುಲಿದೆ. ಹೊರಡುವಾಗ, ಮದುವೆಗೆ ಬರುತ್ತೀರಾ ಎಂದು ಕೇಳಿದೆ.

"ಹದಿನೇಳಕ್ಕೆ ಹಾಲ್‌ನಲ್ಲಿ ಊರ ಹಬ್ಬದ ಊಟ. ಮನೆಯವರನ್ನೆಲ್ಲ ಕರೆದುಕೊಂಡು ಬಾ. ನಿನ್ನ ತಾಯಿಯನ್ನೂ. ಎಲ್ಲರ ಎದುರು ಯಾರ ಪಕ್ಕ ಕೂರುತ್ತೀಯ, ನೋಡಿ ಹೇಳುತ್ತೇನೆ."

ಆಗಸ್ಟ್ 9, ಶನಿವಾರ

ಜೀನೋನ ಹತ್ತಿರ ಹೋದೆ. ಕಾಫಿ ಒಯ್ಯಲಿಲ್ಲ. ರೆಂಝೊನ ವಿಷಯ ಯಾಕೆ ಹೇಳಲಿಲ್ಲ ಎಂದು ನೇರ ಕೇಳಿದೆ.

ಚೆಂಡನ್ನು ಕೈಯಲ್ಲಿ ತಿರುಗಿಸುತ್ತ ಕೂತ. "ನೀನು ಮನೆಯ ಬಗ್ಗೆ ಕೇಳಿದೆ, ಸತ್ತವರ ಬಗ್ಗೆ ಕೇಳಲಿಲ್ಲ" ಎಂದ. ಆಮೇಲೆ, "ಅವನು ನನಗೆ ಕವಣೆ ಮಾಡಿಕೊಟ್ಟಿದ್ದ" ಎಂದ.

"ಹಾಗಾದ್ರೆ ಹೇಳಿ. ಎಲ್ಲರಿಗೂ ಹೇಳಿ."

"ನನಗೆ ಹತ್ತು ವರ್ಷ. ನಮ್ಮಮ್ಮ ಅದನ್ನೇ ನಂಬಿಕೊಂಡು ಬದುಕಿದಳು, ಅದನ್ನೇ ನಂಬಿಕೊಂಡು ಸತ್ತಳು. ಈಗ ಅಲ್ಲ ಅಂದರೆ ನಮ್ಮಪ್ಪನನ್ನು ಕೊಂದವರು ಯಾರು?"

ಎದ್ದು ಬಂದೆ.

ಮನೆಯಲ್ಲಿ ಅವ್ವನಿಗೆ ಎಲ್ಲ ಹೇಳಿದೆ. "ನಾನೇ ಕಣ್ಲಾ ಕಡ್ಡಿ ಗೀರ್ದೋಳು" ಎಂದಳು. ಅವ್ವ ತಪ್ಪು ಒಪ್ಪಿಕೊಂಡದ್ದನ್ನು ನನ್ನ ಜನ್ಮದಲ್ಲಿ ನೋಡಿರಲಿಲ್ಲ.

ಆಗಸ್ಟ್ 16, ಶನಿವಾರ

ಗಾನವಿಯಿಂದ ಮೆಸೇಜು. ನಾಳೆ ಹನ್ನೆರಡಕ್ಕೆ. ತಡ ಮಾಡಬೇಡಿ. ಅಷ್ಟೆ. ಅಪ್ಪ ಎಂದೂ ಇಲ್ಲ.

ನಿದ್ದೆ ಬರುವ ಲಕ್ಷಣ ಇಲ್ಲ.

ಆಗಸ್ಟ್ 17, ಭಾನುವಾರ. ಸಂಜೆ

ಹಾಲ್ ತುಂಬ ಜನ. ಉದ್ದನೆಯ ಟೇಬಲ್‌ಗಳು. ಬಾಗಿಲಲ್ಲೇ ಜೀನೋನ ಮಗಳು ನಮ್ಮನ್ನು ಹಿಡಿದಳು. ಅಪ್ಪನ ಪಕ್ಕ ನಿಮಗೆ ಜಾಗ ಇಟ್ಟಿದ್ದೇವೆ ಎಂದು ನಕ್ಕಳು. ನಾನು ಅವರ ಕಡೆಯವನು ಎಂದು ಲೆಕ್ಕ.

ಮೂಲೆಯ ಟೇಬಲ್‌ನಲ್ಲಿ ಅಸ್ಸುಂತಾ, ಲೂಕಾ, ಗಾನವಿ. ಮೂರೇ ಜನ. ಸುತ್ತಲೂ ಖಾಲಿ ಕುರ್ಚಿ. ಅವ್ವನ ಕೈ ಹಿಡಿದು ಅಲ್ಲಿಗೆ ನಡೆದೆ. ಇಡೀ ಹಾಲ್ ಮಾತು ನಿಲ್ಲಿಸಿತು. ಅಸ್ಸುಂತಾ ಅವ್ವನನ್ನು ಮೇಲಿಂದ ಕೆಳಗೆ ನೋಡಿ ಪಕ್ಕದ ಕುರ್ಚಿ ತೋರಿಸಿದರು. ಗಾನವಿ ನನ್ನ ಕಡೆ ನೋಡಲಿಲ್ಲ. ಪ್ರೇಮಾ ಅವಳ ಬೆನ್ನು ಸವರಿದಳು.

ಊಟ ಮುಗಿಯುತ್ತಿದ್ದ ಹಾಗೆ ಜೀನೋ ಕೋಲು ಊರಿಕೊಂಡು ಕಲ್ಲಿನ ಫೋಟೋದ ಮುಂದೆ ನಿಂತ. ಅಸ್ಸುಂತಾ ಎದ್ದರು. ಕೋಟು ಹಾಕಿಕೊಂಡು ಬಾಗಿಲ ಕಡೆ ಹೊರಟರು. ಯಾರೂ ತಲೆ ತಿರುಗಿಸಲಿಲ್ಲ. ಪ್ರತಿ ವರ್ಷ ಹೀಗೇ ಹೊರಗೆ ಹೋಗುತ್ತಾರೆ, ನೊನ್ನಾಗೆ ಸೆಕೆ ಆಗುತ್ತದೆ ಎಂದುಕೊಂಡಿದ್ದೆ ಎಂದ ಲೂಕಾ.

ನಾವೂ ಎದ್ದೆವು. ಐವರೂ. ಕುರ್ಚಿಗಳು ಕಿರುಗುಟ್ಟಿದವು. ಜೀನೋ ನೋಡಿದ. ನಾನೂ ನೋಡಿದೆ. ಹೊರಗೆ ಬಂದೆವು.

ಹೊರಗೆ ಮಂಜು ಇಳಿಯುತ್ತಿತ್ತು. ಅಸ್ಸುಂತಾ ಗೋಡೆಗೆ ಒರಗಿ ನಿಂತಿದ್ದರು. ನಮ್ಮನ್ನು ನೋಡಿ ಅವ್ವನಿಗೆ ಬೆಂಚು ತೋರಿಸಿದರು. ಒಳಗೆ ಜೀನೋ ಒಂದು ಹೆಸರು ಕೂಗಿದ. ಹಾಲ್ ಪೂರ್ತಿ ಒಂದೇ ದನಿಯಲ್ಲಿ ಏನೋ ಅಂದಿತು. ಇನ್ನೊಂದು ಹೆಸರು. ಮತ್ತೆ ಅದೇ ಕೂಗು.

"ಏನಂತಾವ್ರ್ಲಾ?" ಅವ್ವ ಕೇಳಿದಳು.

"ಸತ್ತೋರ ಹೆಸರು ಕೂಗ್ತಾರೆ. ಇಲ್ಲೇ ಇದ್ದಾನೆ ಅಂತ ಎಲ್ರೂ ಹೇಳ್ತಾರೆ." ಅಷ್ಟನ್ನು ಲೂಕಾ ನನ್ನ ಕಿವಿಯಲ್ಲಿ ಹೇಳಿದ್ದ.

ಹನ್ನೊಂದು ಮುಗಿಯಿತು. ಒಳಗೆ ನಿಶ್ಶಬ್ದ. ಅಸ್ಸುಂತಾ ಗೋಡೆ ಬಿಟ್ಟು ನೆಟ್ಟಗೆ ನಿಂತರು. ಬಾಗಿಲಿಗಲ್ಲ, ಮಂಜಿನ ಕಡೆ ಮುಖ ಮಾಡಿ, ಮೆಲ್ಲಗೆ ಹೇಳಿದರು.

"ರೆಂಝೊ ತವೆಲ್ಲಿ."

ಯಾರೂ ಏನೂ ಅನ್ನಲಿಲ್ಲ. ನನಗೆ ಏನು ಹಕ್ಕಿದೆ ಎಂದು ನಾನು ನೆಲ ನೋಡಿದೆ. ಪ್ರತಿ ವರ್ಷ ಇದೇ ಮೌನ ಕೇಳಿಕೊಂಡು ಒಳಗೆ ಹೋಗುತ್ತಿದ್ದರೇನೋ.

ಅವ್ವ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. "ಥೂ, ಯಾರೂ ಓಗೊಡಾಕಿಲ್ವಾ?" ಎಂದವಳೇ ಬೆಂಚಿನಿಂದ ಎದ್ದಳು. ಹೊಲದ ಆಚೆ ಇದ್ದವರಿಗೆ ಕೇಳುವ ಹಾಗೆ ಕೂಗಿದಳು.

"ಅವ್ನೆ ಕಣವ್ವಾ! ಇಲ್ಲೇ ಅವ್ನೆ!"

ಒಳಗೆ ಕುರ್ಚಿಗಳು ಸರಿದ ಸದ್ದು. ಅಸ್ಸುಂತಾ ಬೆಚ್ಚಿ ತಿರುಗಿದರು. ಏನೆಂದರು ಇವರು ಎಂದು ನನ್ನನ್ನು ಕೇಳಿದರು. ನಾನು ಇಂಗ್ಲಿಷಿನಲ್ಲಿ ಮಾತು ಹುಡುಕುವಷ್ಟರಲ್ಲಿ ಗಾನವಿ ಮುಂದೆ ಬಂದು ಅಸ್ಸುಂತಾರ ಕೈ ಹಿಡಿದಳು. ಇನ್ನೊಂದು ಕೈ ನನ್ನ ತೋಳಿನ ಮೇಲೆ ಇಟ್ಟಳು. ಆರು ವಾರದ ಮೇಲೆ.

"He's here, Nonna. ಇಲ್ಲೇ ಇದ್ದಾನೆ ಅಂತಿದ್ದಾರೆ."

ಅಸ್ಸುಂತಾ ಅವ್ವನ ಮುಖವನ್ನೇ ನೋಡುತ್ತ ನಿಂತರು. ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡರು. ಬಾಗಿಲಲ್ಲಿ ಕೋಲಿನ ಸದ್ದು, ಜೀನೋ ಬಂದು ನಿಂತಿದ್ದ. ಅವರು ಅವನ ಕಡೆ ತಿರುಗಿದರು. ಉಸಿರು ಎಳೆದುಕೊಂಡು ಮತ್ತೆ ಕೂಗಿದರು, ಈಗ ಗಟ್ಟಿಯಾಗಿ, ರೆಂಝೊ ತವೆಲ್ಲಿ ಎಂದು. ಈ ಸಲ ನಾವೆಲ್ಲ ಬಾಯಿ ತೆರೆಯುವ ಮೊದಲೇ ಜೀನೋ, "ಇಲ್ಲೇ ಇದ್ದಾನೆ" ಎಂದ.